ಕೈವಾರದ ಸ್ಕ್ರೂ ಸಿಕ್ಕಿತು, ಮೇಷ್ಟ್ರೇ

ನನ್ನನ್ನು ಮೇಷ್ಟ್ರು ಮಾಡಿದ ಮೇಷ್ಟ್ರೇ,

ಮೂಡಿಗೆರೆ ತಾಲ್ಲೂಕಿನ ಸಮಸ್ತ ಗಣಿತಾಸಕ್ತರ ಪರವಾಗಿ ಮೇಲಿನ ಲೋಕಕ್ಕೆ ಈ ಮೂಲಕ ಘೋಷಿಸುವುದೇನೆಂದರೆ, ನಿಮ್ಮ ಮರದ ಕೈವಾರದ ಸ್ಕ್ರೂ ಸಿಕ್ಕಿದೆ. ಹೌದು, ಅದೇ. ಹಿತ್ತಾಳೆಯದು, ತಲೆ ಸವೆದದ್ದು, ಕಡಲೆಕಾಳಿಗಿಂತ ತುಸು ದೊಡ್ಡದು. ಈ ಸಂದರ್ಭದಲ್ಲಿ ಶಾಲೆಗಳಿಗೆ ರಜೆ ಕೊಟ್ಟಿಲ್ಲ, ಬ್ಯಾಂಡ್‌ಸೆಟ್ಟನ್ನೂ ಕರೆಸಿಲ್ಲ. ನಾನೊಬ್ಬನೇ ಅದನ್ನು ಅಂಗೈ ಮೇಲಿಟ್ಟುಕೊಂಡು ನಿಮ್ಮ ಮನೆ ಜಗಲಿಯಲ್ಲಿ ಕೂತಿದ್ದೆ. ನಿಮ್ಮ ಮನೆಯವರು, ನಾನು ಅಮ್ಮ ಅಂತಲೇ ಕರೆಯುವುದು ನಿಮಗೆ ಗೊತ್ತಲ್ಲ, ಒಳಗಿಂದಲೇ "ಕಾಫಿ ಆರಿ ಹೋಯ್ತು ನಾಗೇಶ, ಸ್ಕ್ರೂ ನೋಡ್ತಾ ಕೂತ್ರೆ ಹೊಟ್ಟೆ ತುಂಬುತ್ತಾ?" ಅಂದ್ರು.

ನೀವು ಹೋಗಿ ಎರಡು ಮಳೆಗಾಲ ಕಳೆದ ಮೇಲೆ ಅಮ್ಮ ನಿಮ್ಮ ಕಪ್ಪು ಕೋಟನ್ನು ಬಿಸಿಲಿಗೆ ಹಾಕಿದ್ದಾರೆ. ಒಳಜೇಬಿನಲ್ಲಿ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿದೆ. ತೆಗೆದು ನೋಡಿದರೆ ಇದು. ಕೈವಾರ ನಮ್ಮ ಟ್ಯೂಷನ್ ಕೋಣೆಯ ಗೋಡೆಯ ಮೇಲೆ, ಅದರ ಸ್ಕ್ರೂ ನಿಮ್ಮ ಎದೆಯ ಮೇಲೆ. ಇಷ್ಟು ವರ್ಷ! ನಾನು ಅಮ್ಮನನ್ನು ಕೇಳಿದೆ, "ಬೇಕಂತಲೇ ಇಟ್ಕೊಂಡಿದ್ರಾ ಅಮ್ಮ?" ಅವರು ಕೋಟು ಮಡಿಸುತ್ತಾ, "ನೀನು ಬಂದು ಕೇಳ್ತೀಯ ಅಂತ ಇಟ್ಕೊಂಡಿದ್ರೋ ಏನೋ. ನೀನು ಕೇಳಲೇ ಇಲ್ಲ" ಅಂದ್ರು. ನಾನು ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಎದ್ದುಬಂದೆ.

ಬರೀ ಸ್ಕ್ರೂ ವಿಷಯ ತಿಳಿಸಲು ಇಷ್ಟು ಕಾಗದ ಹಾಳು ಮಾಡುತ್ತಿಲ್ಲ. ಕೊನೆಯ ಸಲ ಕೂತು ಮಾತಾಡಿದಾಗ ನೀವು ನನಗೊಂದು ಪ್ರಶ್ನೆ ಹಾಕಿದ್ದಿರಿ. ಉತ್ತರ ಹೊಳೆಯದೆ ಕೋಪ ಮಾಡಿಕೊಂಡು ಹೊರಟುಹೋಗಿದ್ದೆ. ಆ ಉತ್ತರ ಮೊನ್ನೆ ಸಿಕ್ಕಿತು. ನನಗೆ ಹೊಳೆಯಲಿಲ್ಲ, ಬೇರೆ ಯಾರೋ ಬರೆದು ಕಳಿಸಿದರು. ಅದಕ್ಕೇ ಈ ಪತ್ರ.

ನಿಮ್ಮ ಪಾಠವನ್ನು ಮೊದಲ ಸಲ ನೋಡಿದ ದಿನ ನೆನಪಿದೆಯಾ? ತೊಂಬತ್ತರ ದಶಕದ ಶುರು, ಜುಲೈ ತಿಂಗಳು. ಬಿ.ಎಡ್. ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು, ಬಸ್‌ಸ್ಟ್ಯಾಂಡ್ ಹಿಂದಿನ ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲು ಹತ್ತಿ ಬಂದೆ. ಮೇಲೆ ಜಿಂಕ್ ಶೀಟಿನ ಮಾಡು, ಕೆಳಗೆ ಮೂವತ್ತು ಮಕ್ಕಳು, ಮಳೆ ಶೀಟಿನ ಮೇಲೆ ಜಲ್ಲಿ ಸುರಿದ ಹಾಗೆ ಬೀಳ್ತಾ ಇದೆ. ನೀವು ತುಟಿ ಬಿಚ್ಚದೆ ಬೋರ್ಡಿನ ಮೇಲೆ ವೃತ್ತ ಎಳೀತಿದ್ದಿರಿ. ಪಾಪ, ರಿಟೈರಾದ ಮೇಷ್ಟ್ರು, ಗಂಟಲು ಹೋಗಿದೆ, ಅದಕ್ಕೇ ನನ್ನನ್ನು ಕರೆಸಿದ್ದಾರೆ ಅಂದುಕೊಂಡೆ. ಮರುಕವೂ ಆಯಿತು, ಕೆಲಸ ಸಿಕ್ಕಿತು ಅಂತ ಖುಷಿಯೂ ಆಯಿತು. ಕ್ಲಾಸು ಮುಗಿದ ಮೇಲೆ ಮೆಟ್ಟಿಲ ಮೇಲೆ ನಿಂತು ನೀವು ಹಾರ್ಡ್‌ವೇರ್ ಅಂಗಡಿಯವರನ್ನು ಕೂಗಿ ಕರೆದ ದನಿಗೆ ಎದುರಿನ ಹೋಟೆಲಿನವನೂ ಹೊರಗೆ ಬಂದ.

"ಜೂನಿಂದ ಆಗಸ್ಟ್‌ವರೆಗೆ ರೇಖಾಗಣಿತ, ದಸರಾ ಆದ್ಮೇಲೆ ಬೀಜಗಣಿತ," ಅಂತ ಅವತ್ತೇ ಹೇಳಿದಿರಿ. "ಬೀಜಗಣಿತಕ್ಕೆ ಬಾಯಿ ಬೇಕು ಮಾರಾಯ. ರೇಖಾಗಣಿತಕ್ಕೆ ಕಣ್ಣು ಸಾಕು. ಮಳೆ ಹತ್ರ ಜಗಳ ಆಡಿ ಗೆದ್ದ ಮೇಷ್ಟ್ರು ಈ ತಾಲ್ಲೂಕಲ್ಲಿ ಇನ್ನೂ ಹುಟ್ಟಿಲ್ಲ." ಸರ್ಕಾರದ ಪಠ್ಯಪುಸ್ತಕ ಒಂದು ಕ್ರಮ ಹಾಕಿತ್ತು, ನೀವು ಮೋಡ ನೋಡಿ ಇನ್ನೊಂದು ಕ್ರಮ ಹಾಕಿದ್ದಿರಿ. ಮಕ್ಕಳು ಪಾಸಾಗುತ್ತಿದ್ದದ್ದು ಮೋಡದ ಕ್ರಮದಲ್ಲೇ.

ಆ ಮೌನದ ಪಾಠಕ್ಕೆ ನಿಮ್ಮದೊಂದೇ ನಿಯಮ. ಒಂದು ಹೆಜ್ಜೆ ಬರೆಯುವುದು, ತಿರುಗಿ ನಿಲ್ಲುವುದು, ಒಬ್ಬೊಬ್ಬರ ಮುಖ ನೋಡುವುದು. ಅರ್ಥವಾದವರು ತಲೆ ಆಡಿಸಬೇಕು. ಕೊನೆಯ ತಲೆ ಆಡುವವರೆಗೆ ಬೋರ್ಡು ಒರೆಸುವಂತಿಲ್ಲ, ಮುಂದಿನ ಹೆಜ್ಜೆ ಬರೆಯುವಂತಿಲ್ಲ. ಸುಮ್ಮನೆ ಆಡಿಸಿದ ತಲೆ ನಿಮಗೆ ಗೊತ್ತಾಗಿಬಿಡುತ್ತಿತ್ತು. "ತಲೆ ಆಡ್ತು, ಹುಬ್ಬು ಆಡಲಿಲ್ಲ" ಅನ್ನುವಂತೆ ನಿಮ್ಮ ಬೆರಳು ಹುಬ್ಬಿನ ಮೇಲೆ ಹೋಗುತ್ತಿತ್ತು. ಒಮ್ಮೆ ಜಾವಳಿ ಊರಿನ ಹುಡುಗಿಯೊಬ್ಬಳಿಗೆ ಸ್ಪರ್ಶಕದ ಪ್ರಮೇಯ ತಲೆಗೆ ಹೋಗದೆ ನೀವು ಎಷ್ಟು ಹೊತ್ತು ನಿಂತಿರೆಂದರೆ ಅವಳ ಬಸ್ಸೇ ಹೊರಟುಹೋಯಿತು. ಅವಳಪ್ಪ ಬಂದು, "ಮೇಷ್ಟ್ರೇ, ನಮ್ಮ ಹುಡುಗಿಗೆ ಅರ್ಥ ಆಗದಿದ್ರೂ ಅಡ್ಡಿಲ್ಲ, ಬಸ್ಸಿಗೆ ಬಿಟ್ಬಿಡಿ" ಅಂದರೆ, ನೀವು ಕೈ ಮುಗಿದು, "ಅವಳು ತಲೆ ಆಡಿಸ್ಲಿ, ಜೀಪು ಮಾಡಿಸಿ ಕಳಿಸ್ತೀನಿ" ಅಂದಿರಿ. ಕಳಿಸಿದಿರಿ ಕೂಡ.

ನಾನು ಚಿಕ್ಕಮಗಳೂರಿನ ಸಿಇಟಿ ಕೋಚಿಂಗಿಗೆ ಪಾಠ ಮಾಡಲು ಹೋಗುತ್ತೇನೆ ಅಂದ ದಿನ ನೀವು ಹೋಗು ಅಂತ ತಲೆ ಆಡಿಸಿದಿರಿ. (ಹುಬ್ಬು ಆಡಿತ್ತಾ? ಅವತ್ತು ನಾನು ನಿಮ್ಮ ಮುಖ ನೋಡಲಿಲ್ಲ.) ಕಲ್ಯಾಣಮಂಟಪದಂಥ ಹಾಲು, ಕೈಯಲ್ಲಿ ಮೈಕು, ಎದುರಿಗೆ ಮುಖಗಳ ರಾಶಿ. ಒಂದು ದಿನ ಕೊನೆಯ ಬೆಂಚಿನಲ್ಲಿ ಛತ್ರಿ ಹಿಡಿದ ಒಬ್ಬ ಹಿರಿಯ ವಿದ್ಯಾರ್ಥಿ ಕೂತಿದ್ದಾರೆ, ನೋಡಿದರೆ ನೀವು! ಪಾಠ ಮುಗಿದ ಮೇಲೆ ನಾನು ಹೊಗಳಿಕೆಗೆ ಕಾದು ನಿಂತೆ. "ಮೈಕ್ ಚೆನ್ನಾಗಿದೆ" ಅಂದಿರಿ. ಮತ್ತೇನಾದರೂ ಹೇಳುತ್ತೀರೇನೋ ಅಂತ ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ಬಂದೆ. ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ, "ಮೂರನೇ ಸಾಲಿನ ನೀಲಿ ಸ್ವೆಟರಿಗೆ ಅರ್ಥ ಆಗಲಿಲ್ಲ" ಅಂದಿರಿ. ಅಷ್ಟೇ. ಆಮೇಲೆ ನಿಮ್ಮ ಕಾಲು ಮೆಟ್ಟಿಲು ಹತ್ತದಾಯಿತು, ನಮ್ಮ ಕೋಣೆಗೆ ಬೀಗ ಬಿತ್ತು.

ಆಮೇಲೆ ನನಗೆ ಇಂಟರ್ನೆಟ್ಟಿನ ಹುಚ್ಚು ಹಿಡಿದದ್ದು. ಮೊದಲು ಪಾಠಗಳ ಸೀಡಿ ಮಾಡಿ ಪುಸ್ತಕದಂಗಡಿಗಳಿಗೆ ಕೊಟ್ಟೆ. ಬ್ರಾಡ್‌ಬ್ಯಾಂಡ್ ಬಂದದ್ದೇ ಕೋಚಿಂಗ್ ಬಿಟ್ಟು ಸ್ವಂತ ವೆಬ್‌ಸೈಟು ತೆರೆದೆ. ಹೈಸ್ಕೂಲ್ ಗಣಿತ, ಕನ್ನಡದಲ್ಲಿ, ಮನೆಬಾಗಿಲಿಗೇ. ವಿಸಿಟಿಂಗ್ ಕಾರ್ಡಿನಲ್ಲಿ 'ಸಂಸ್ಥಾಪಕರು' ಅಂತ ಹಾಕಿಸಿಕೊಂಡೆ. ಸಂಸ್ಥೆಯಲ್ಲಿ ಸಂಸ್ಥಾಪಕರನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಆ ಕಾರ್ಡು ತೋರಿಸಲು ನಿಮ್ಮ ಮನೆಗೆ ಬಂದ ಸಂಜೆಯೇ ನಮ್ಮ ಜಗಳ. ಜಗಳ ಅಂತಲೂ ಹೇಳುವಂತಿಲ್ಲ, ಕೂಗಿದ್ದು ನಾನೊಬ್ಬನೇ. ನೀವು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮಕ್ಕಳು ಎಲ್ಲಿ ಕೂತಿರ್ತಾವೆ?" ಅಂದಿರಿ.

"ಅವರವರ ಊರಲ್ಲೇ, ಮೇಷ್ಟ್ರೇ."

"ಮುಖ ಕಾಣುತ್ತಾ?"

"ಕಾಣೋದಿಲ್ಲ. ಆದ್ರೆ ಎಷ್ಟು ಜನ ನೋಡಿದ್ರು ಅಂತ ಕಂಪ್ಯೂಟರ್ರೇ ಹೇಳುತ್ತೆ."

"ನೋಡಿದ್ದು ಹೇಳುತ್ತೆ, ಸರಿ. ತಲೆ ಆಡಿಸಿದ್ದು ನಿಂಗೆ ಹ್ಯಾಗೆ ಗೊತ್ತಾಗುತ್ತೆ ಮಾರಾಯ?"

ಕಾಲ ಬದಲಾಗಿದೆ, ನಿಮಗೆ ತಿಳಿಯೋದಿಲ್ಲ, ಅಂತೆಲ್ಲ ಏನೇನೋ ಕೂಗಿ ಎದ್ದುಬಂದೆ. ಛತ್ರಿ ಮರೆತು ಬಂದಿದ್ದೆ. ತರಲು ಹೋಗಲಿಲ್ಲ. ಹೋಗಿದ್ದರೆ... ಆ ಮಳೆಗಾಲ ಮುಗಿಯುವಷ್ಟರಲ್ಲಿ ನೀವೇ ಹೊರಟುಹೋದಿರಿ.

ನೀವು ಹೋದ ಮೇಲೆ ನಾನು ಮಾಡಿದ ಮೊದಲ ಕೆಲಸ, ನಮ್ಮ ಹಳೇ ಕೋಣೆಯನ್ನೇ ಬಾಡಿಗೆಗೆ ಹಿಡಿದು 'ಸ್ಟುಡಿಯೋ' ಅಂತ ಹೆಸರಿಟ್ಟದ್ದು. ಗೋಡೆಯ ಮೇಲೆ ಕೈವಾರ ಹಾಗೇ ನೇತಾಡುತ್ತಿತ್ತು, ಸ್ಕ್ರೂ ಇರಲಿಲ್ಲ. ಕೆಳಗೆ ಇಡೀ ಅಂಗಡಿ ತುಂಬ ಸ್ಕ್ರೂ ಇದ್ದರೂ, "ಈ ಅಳತೇದು ಬ್ರಿಟಿಷರ ಜೊತೆಗೇ ಹೋಯ್ತು ಸಾರ್" ಅಂದುಬಿಟ್ಟರು. ದಾರದಲ್ಲಿ ಬಿಗಿದು ಕಟ್ಟಿಕೊಂಡೆ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ, ಎರಡು ಟ್ಯೂಬ್‌ಲೈಟು, ಸಂಸ್ಥಾಪಕರು ಸಿದ್ಧ. ಶುರು ಮಾಡಿದ ಮೇಲೆ ಗೊತ್ತಾಯಿತು, ಕ್ಯಾಮೆರಾಕ್ಕೆ ಹುಬ್ಬಿಲ್ಲ. ಒಂದು ಹೆಜ್ಜೆ ಬರೆದು, ಅಭ್ಯಾಸಬಲದಿಂದ ತಿರುಗಿ ನಿಲ್ಲುತ್ತಿದ್ದೆ. ಎದುರಿಗೆ ಒಂದು ಕಪ್ಪು ಗಾಜಿನ ಕಣ್ಣು, ಅದರ ಹಿಂದೆ ಖಾಲಿ ಬೆಂಚುಗಳು. ಎಷ್ಟು ಹೊತ್ತು ನಿಲ್ಲಬೇಕು? ಯಾರ ತಲೆ ಆಡಿದ ಮೇಲೆ ಒರೆಸಬೇಕು?

ಸುಮಿತ್ರಳನ್ನು, ನನ್ನ ಹೆಂಡತಿಯನ್ನು, ಕ್ಯಾಮೆರಾದ ಹಿಂದೆ ಕೂರಿಸಿ ನೋಡಿದೆ. ಪಾಠದ ಮಧ್ಯೆ ತಿರುಗಿದರೆ ಅವಳ ತಲೆ ಜೋರಾಗಿ ಆಡುತ್ತಿತ್ತು. ಖುಷಿಯಿಂದ ಹತ್ತಿರ ಹೋಗಿ ನೋಡಿದೆ, ತೂಕಡಿಕೆ! "ನೀವು ಬರೆಯೋದು ನಿಲ್ಲಿಸಿದ್ರಲ್ಲ, ಅದಕ್ಕೇ ಎಚ್ಚರ ಆಯ್ತು" ಅಂತ ನನ್ನ ಮೇಲೇ ರೇಗಿದಳು. ಮರುದಿನದಿಂದ ಬರಲಿಲ್ಲ. ಕೊನೆಗೆ ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಹುಬ್ಬು ಬರೆದುಕೊಂಡೆ. ನಗಬೇಡಿ ಮೇಷ್ಟ್ರೇ. ಹಗಲು ಹನ್ನೊಂದು ಗಂಟೆಯಲ್ಲಿ, ನಲವತ್ತು ದಾಟಿದ ಮನುಷ್ಯ, ಗೋಡೆಯ ಹುಬ್ಬು ನೋಡಿಕೊಂಡು 'ಅರ್ಥ ಆಯ್ತಾ?' ಅಂತ ಕೇಳುತ್ತಿದ್ದೆ. ಆ ಹುಬ್ಬುಗಳು ನಿಮ್ಮವೇ ಇದ್ದ ಹಾಗಿದ್ದವು. ಒಮ್ಮೆಯೂ ಆಡಲಿಲ್ಲ.

ಈ ವರ್ಷದ ಜೂನ್‌ನಲ್ಲಿ ಒಂದು ವಸತಿಶಾಲೆಯಿಂದ ಕರೆ ಬಂತು. ಗಣಿತದ ಮೇಷ್ಟ್ರು ಬೇಕು, ಆಗಸ್ಟ್‌ನೊಳಗೆ ತಿಳಿಸಿ ಅಂತ. ನಿಜಕ್ಕೂ ಆಸೆಯಾಯಿತು. ಸಂಬಳಕ್ಕಿಂತ ಹೆಚ್ಚಾಗಿ, ಎದುರಿಗೆ ಬೆಂಚು, ಬೆಂಚಿನ ಮೇಲೆ ಮುಖ. ಮಳೆಗಾಲದ ಕೊನೆಗೆ ಸಂಸ್ಥೆ ಮುಚ್ಚುವುದು ಅಂತ ಸಂಸ್ಥಾಪಕರು ಒಮ್ಮತದಿಂದ ತೀರ್ಮಾನಿಸಿದರು.

ಹಾಗೆ ಮನಸ್ಸು ಕೆಟ್ಟಿದ್ದ ಜುಲೈನಲ್ಲೇ ವೃತ್ತದ ಪಾಠ ಮಾಡಿದ್ದು. ಬಾಹ್ಯ ಬಿಂದುವಿನಿಂದ ಎಳೆದ ಎರಡು ಸ್ಪರ್ಶಕಗಳು ಸಮ, ಆ ಜಾವಳಿ ಹುಡುಗಿಯ ಪ್ರಮೇಯ. ಹೊರಗೆ ಮಳೆ ಹಿಡಿದಿತ್ತು. ನಿಮ್ಮ ಹತ್ತಿರ ಅಷ್ಟು ವರ್ಷ ಕಲಿತವನು ಆ ದಿನ ಬಾಯಿ ಬಿಟ್ಟು ಪಾಠ ಮಾಡಿದೆ! ಸೈಬರ್ ಸೆಂಟರಿಗೆ ಹೋಗಿ ವೆಬ್‌ಸೈಟಿಗೆ ಏರಿಸಿದೆ, ಅಲ್ಲಿನ ಕಂಪ್ಯೂಟರಿಗೆ ಸ್ಪೀಕರ್ ಇರಲಿಲ್ಲ. ಮೂರನೇ ದಿನದಿಂದ ದೂರುಗಳು. "ಸರ್, ಬರೀ ಮಳೆ ಕೇಳಿಸುತ್ತೆ" ಅಂತ ಕೊಪ್ಪದವರು. ಬಯಲುಸೀಮೆಯ ಒಬ್ಬ ಪುಣ್ಯಾತ್ಮ, "ಹಿಂದೆ ಯಾವ ಮಿಲ್ಲು ಓಡುತ್ತಿದೆ?" ಅಂತ ಕೇಳಿದ್ದ. ಪಾಠವನ್ನು ತೆಗೆದುಹಾಕೋಣ ಅಂತ ಹೊರಟ ದಿನವೇ ಒಂದು ಇನ್‌ಲ್ಯಾಂಡ್ ಲೆಟರ್ ಬಂತು.

ಹೊರನಾಡಿನ ದಾರಿಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಮಗಳು, ರಶ್ಮಿ ಅಂತ, ಹತ್ತನೇ ಕ್ಲಾಸು. ಕಳಸದ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ನೋಡಿದಳಂತೆ. ಅವಳ ಮಾತಲ್ಲೇ ಕೇಳಿ.

"ಸರ್, ನಿಮ್ಮ ಪಾಠದಲ್ಲಿ ಮಾತು ಕೇಳಿಸಲಿಲ್ಲ, ಬೋರ್ಡು ಚೆನ್ನಾಗಿ ಕಾಣಿಸಿತು. ಇಲ್ಲಿ ನೆಟ್ ತುಂಬಾ ಸ್ಲೋ. ನಾಲ್ಕನೇ ಹೆಜ್ಜೆ ನನಗೆ ಗೊತ್ತಾಗಲಿಲ್ಲ. ನೀವು ಬರೆದು ತಿರುಗಿ ನಿಂತಿರಿ. ಅಷ್ಟು ಹೊತ್ತಿಗೆ ವಿಡಿಯೋ ನಿಂತುಹೋಯಿತು. ನಡುವೆ ಸಣ್ಣ ಚಕ್ರ ತಿರುಗ್ತಾ ಇತ್ತು. ನೀವು ನನ್ನನ್ನೇ ನೋಡ್ತಾ ನಿಂತಿದ್ದಿರಿ. ತುಂಬಾ ಹೊತ್ತು. ನನಗೆ ನಾಚಿಕೆ ಆಗಿ ನೋಟ್ಸಲ್ಲಿ ಚಿತ್ರ ಬರೆದು ನೋಡಿದೆ. ಎರಡೂ ತ್ರಿಭುಜ ಒಂದೇ ಅಂತ ಗೊತ್ತಾಯಿತು. ಆಯ್ತು ಸರ್ ಅಂತ ತಲೆ ಆಡಿಸಿದೆ. ಆಗಲೇ ನೀವು ತಿರುಗಿ ಬೋರ್ಡು ಒರೆಸಿದಿರಿ. ಅಂಗಡಿಯಣ್ಣ ನಕ್ಕರು."

ನಾನು ನಗಲಿಲ್ಲ ಮೇಷ್ಟ್ರೇ. ಪತ್ರವನ್ನು ಹಿಡಿದುಕೊಂಡು ಸ್ಟುಡಿಯೋದ ಖಾಲಿ ಬೆಂಚಿನ ಮೇಲೆ, ಜಾವಳಿ ಹುಡುಗಿ ಕೂರುತ್ತಿದ್ದ ಜಾಗದಲ್ಲಿ ಕೂತೆ. ನಾನು ಇಲ್ಲಿ ಯಾರೂ ಇಲ್ಲ ಅಂತ ಗೋಡೆ ನೋಡಿಕೊಂಡು ನಿಂತಿದ್ದೆ. ಅಲ್ಲಿ ಒಬ್ಬಳು, ಮೇಷ್ಟ್ರು ಕಾಯ್ತಿದ್ದಾರೆ ಅಂತ ಲೆಕ್ಕ ಮಾಡ್ತಿದ್ದಳು. ನನ್ನ ಕೈಲಿ ಅಷ್ಟು ಹೊತ್ತು ನಿಲ್ಲಲು ಆಗುತ್ತಿರಲಿಲ್ಲ, ಕಳಸದ ನೆಟ್ಟು ನಿಲ್ಲಿಸಿತು. ನೀವಾಗಿದ್ದರೆ ನೆಟ್ಟಿನ ಸಹಾಯ ಬೇಕಿರಲಿಲ್ಲ.

ನಿಮ್ಮ ಪ್ರಶ್ನೆಗೆ ಇದು ಪೂರ್ತಿ ಉತ್ತರವಲ್ಲ ಅಂತ ಗೊತ್ತು. ಒಂದು ತಲೆಯ ಲೆಕ್ಕ ಸಿಕ್ಕಿದೆ, ಉಳಿದ ತಲೆಗಳು ಇನ್ನೂ ಕತ್ತಲಲ್ಲೇ ಇವೆ. ಆದರೂ ವಸತಿಶಾಲೆಗೆ ಬರುವುದಿಲ್ಲ ಅಂತ ಬರೆದು ಹಾಕಿದೆ. ಮುಂದಿನ ಜೂನಿಂದ ನಮ್ಮ ಸೈಟಿನಲ್ಲೂ ಮೋಡದ ಕ್ರಮ. ಮಳೆಗಾಲದಲ್ಲಿ ರೇಖಾಗಣಿತ, ಬಾಯಿ ಮುಚ್ಚಿಕೊಂಡು. ಪ್ರತಿ ಹೆಜ್ಜೆಯಾದ ಮೇಲೆ ತಿರುಗಿ ನಿಲ್ಲುತ್ತೇನೆ. ಗೋಡೆಯ ಹುಬ್ಬುಗಳನ್ನು ಒರೆಸಲಿಲ್ಲ, ಇರಲಿ. ಇಡೀ ದಿನ ಕೋಣೆಯಲ್ಲಿ ಮತ್ತಾರೂ ಇರುವುದಿಲ್ಲ, ನೋಡಿ.

ರಶ್ಮಿಯ ಪತ್ರದ ಕೊನೆಯಲ್ಲಿ ಒಂದು ಸಾಲಿತ್ತು. "ಸರ್, ಬೇಜಾರು ಮಾಡ್ಕೋಬೇಡಿ, ನಿಮ್ಮ ವೃತ್ತ ಕೂಡಿಯೇ ಇಲ್ಲ. ಬಲಗಡೆ ಒಂದು ಬೆರಳಷ್ಟು ಬಿಟ್ಟುಹೋಗಿದೆ." ದಾರ ಕಟ್ಟಿದ ಕೈವಾರ ಜಾರಿದ್ದು. ಸರಿಯಾದ ವೃತ್ತ ಎಳೆದು, ಅದೇ ಪಾಠವನ್ನು ಸೋಮವಾರ ಮತ್ತೆ ಮಾಡುತ್ತೇನೆ ಅಂತ ಅವಳಿಗೆ ಬರೆದಿದ್ದೇನೆ.

ಈಗ ನಿಮ್ಮಿಂದ ಒಂದು ಸಣ್ಣ ಉಪಕಾರ ಆಗಬೇಕು. ಸ್ಕ್ರೂ ಹಾಕಿದೆ, ತಿರುಗಿಸಿದೆ, ಆದರೂ ಕೈವಾರದ ಕಾಲು ಜಾರುತ್ತಲೇ ಇದೆ. ಸ್ಕ್ರೂ ಹಾಕುವ ಮೊದಲು ನೀವು ಆ ತೂತಿಗೆ ಏನೋ ಮೆತ್ತುತ್ತಿದ್ದಿರಲ್ಲ, ಅದೇನದು? ಅಮ್ಮ ಹಲಸಿನ ಅಂಟು ಅಂತಾರೆ, ಸುಮಿತ್ರ ಜೇನುಮೇಣ ಅಂತಾಳೆ, ಕೆಳಗಿನ ಅಂಗಡಿಯವರು ಹೊಸ ಕೈವಾರ ತಗೊಳ್ಳಿ ಅಂತಾರೆ. ಭಾನುವಾರ ಊಟ ಆದ ಮೇಲೆ ನಾನು ಒಂದು ಗಂಟೆ ಮಲಗುತ್ತೇನೆ, ಆಗ ಒಮ್ಮೆ ಬಂದುಹೋಗಿ. ಬಾಯಿ ಬಿಟ್ಟು ಹೇಳಬೇಡಿ, ಮಳೆಯಲ್ಲಿ ಕೇಳಿಸುವುದಿಲ್ಲ. ಕೈಯಲ್ಲೇ ಮಾಡಿ ತೋರಿಸಿ, ನಾನು ತಲೆ ಆಡಿಸುವವರೆಗೆ ನಿಂತಿರಿ.

ನಿಮ್ಮ,
ನಾಗೇಶ