ಗಂಟಿನ ಕೆಳಗಿನ ಚಿಗುರು

ಫೆಬ್ರವರಿ ೪, ಬೆಳಿಗ್ಗೆ

ನಿಂಬೆ ಗಿಡಕ್ಕೆ ಮತ್ತೆ ಇರುವೆ. ಕಾಂಡದ ತುಂಬ ಕಂದು ಚಿಪ್ಪು, ಉಗುರು ಹಾಕಿದರೆ ಏಳುತ್ತದೆ. ಎಲೆ ಮೇಲೆ ಮಸಿ. ಹೆಂಡತಿಯ ಗಿಡ ಇದು. ಅವಳೇ ಕಸಿ ಕಟ್ಟಿ ಹನ್ನೊಂದು ವರ್ಷ ಕುಂಡದಲ್ಲಿ ಸಾಕಿದ್ದು. ಅವಳಿಗೆ ಪಾರ್ಶ್ವವಾಯು ಬಡಿದು ಮೂರು ತಿಂಗಳು. ಮಾತಿಲ್ಲ. ಎಡಗೈ ಒಂದಿಷ್ಟು ಆಡುತ್ತದೆ. ಮಂಚದಿಂದ ಬಾಲ್ಕನಿ ಕಾಣುತ್ತದೆ, ಕಣ್ಣು ಅಲ್ಲೇ. ನನ್ನ ಮುಖಕ್ಕಿಂತ ಗಿಡವೇ ವಾಸಿ ಅಂತಿರಬೇಕು.

ವೈರ್ ಬ್ರಷ್ ಹಾಕಿ ಉಜ್ಜಿದೆ. ಚಿಪ್ಪಿನ ಜೊತೆ ತೊಗಟೆಯೂ ಬಂತು. ನಲವತ್ತು ವರ್ಷ ಕಬ್ಬಿಣಕ್ಕೆ ವೆಲ್ಡಿಂಗ್ ಮಾಡಿದ ಕೈ... ಗಿಡದ ಮೈ ಇದಕ್ಕೇನು ಗೊತ್ತು.

ಫೆಬ್ರವರಿ ೭

ಮಗಳು ಫೋನಿನಲ್ಲೇ ಬೈದಳು. ಚಿಪ್ಪು ಅಂದರೆ ಹುಳವೇ ಅಂತೆ. ರಸ ಹೀರಿ ಅಂಟು ಬಿಡುತ್ತದಂತೆ, ಇರುವೆ, ಮಸಿ ಎರಡೂ ಆ ಅಂಟಿಗೇ. ಹಳೇ ಟೂತ್‌ಬ್ರಷ್, ಸೋಪಿನ ನೀರು ಅಂದಳು. ನರ್ಸರಿಯವರಿಗೆ ತೋರಿಸು ಅಂದಳು. ನಮ್ಮ ಮನೆ ಗಿಡಕ್ಕೆ ಊರವರ ಬುದ್ಧಿ ಬೇಡ ಅಂದೆ. ಫೋನ್ ಕುಕ್ಕಿದಳು. ಥೇಟ್ ನನ್ನ ಮಗಳು.

ಫೆಬ್ರವರಿ ೨೬

ಎಲೆ ಉದುರುತ್ತಲೇ ಇದೆ. ಒಂದರ ಮೇಲೆ ಹಕ್ಕಿ ಹಿಕ್ಕೆ. ಒರೆಸಲು ಹೋದರೆ ನಡೆಯಿತು. ಹುಳ. ಹೊಸಕಿದೆ.

ಒಂದೇ ಒಳ್ಳೇ ಸುದ್ದಿ — ಬುಡದಲ್ಲಿ, ಅವಳು ಕಸಿ ಕಟ್ಟಿದ ಗಂಟಿನ ಕೆಳಗೆ, ಚಿಗುರು ಬಂದಿದೆ.

ಮಾರ್ಚ್ ೧೫, ಮಧ್ಯಾಹ್ನ

ಚಿಗುರು ಮೊಳದುದ್ದ ಆಯಿತು. ವಿಚಿತ್ರ ಜಾತಿ. ಒಂದು ತೊಟ್ಟಿಗೆ ಮೂರು ಎಲೆ, ಮುಳ್ಳು ಮೊಳೆಯಷ್ಟು. ಗಟ್ಟಿ ಪಿಂಡ. ಕೋಲು ಕೊಟ್ಟು ಕಟ್ಟಿದೆ. ಅವಳೂ ನೋಡಲಿ ಅಂತ ಕುಂಡ ಎಳೆದು ಮಂಚದ ಎದುರಿಗಿಟ್ಟೆ.

ಎಡಗೈಯಿಂದ ಮಂಚ ಬಡಿದಳು. ನೀರು ಕೊಟ್ಟೆ. ಚೆಲ್ಲಿದಳು. ಬೆಡ್‌ಪ್ಯಾನ್ ತಂದೆ. ಅದೂ ಅಲ್ಲ. ಏನು ಬೇಕು ಬಾಯಿ ಬಿಟ್ಟು ಹೇಳು ಅಂತ ಕೂಗಿದೆ. ಬಾಯಿ ಹೋದವಳಿಗೆ. ಗೋಡೆ ಕಡೆ ಮುಖ ತಿರುಗಿಸಿದಳು.

ಏಪ್ರಿಲ್ ೨

ಮೇಲಿನದು ಮುಕ್ಕಾಲು ಒಣಗಿದೆ. ಅದನ್ನು ಹೊತ್ತುಕೊಂಡು ಹೊಸದೂ ಯಾಕೆ ಸಾಯಬೇಕು. ಗರಗಸ ತಂದು ಅವಳೆದುರಿಗೇ ಕೊಯ್ದೆ. ಗಂಟಿನ ಮೇಲೆ ಎರಡು ಬೆರಳು ಮೋಟು ಉಳಿಯಿತು. ಮಂಚ ಬಡಿಯುತ್ತಲೇ ಇದ್ದಳು. ಸದ್ಯ ನಿನ್ನ ಗಿಡ ಉಳೀತು ಕಣೇ ಅಂದೆ. ಕಣ್ಣಲ್ಲಿ ನೀರು. ಸಂತೋಷಕ್ಕಿರಬೇಕು.

ಏಪ್ರಿಲ್ ೯

ಅಮ್ಮ ಸುಮ್ಮನೆ ಮಂಚ ಬಡಿಯುತ್ತಾಳೆ ಅಂತ ಫೋನಿನಲ್ಲಿ ಅಂದದ್ದಕ್ಕೆ ಮಗಳು ಬಂದಳು. ನನ್ನನ್ನು ಕೇಳದೆ ನರ್ಸರಿಯವರನ್ನೂ ಕರೆತಂದಳು. ಅವರು ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದರು.

"ಯಜಮಾನ್ರೇ, ನಿಂಬೆ ಎಲ್ಲಿ?"

ಕಣ್ಣು ಕಾಣುವುದಿಲ್ಲವೇ, ಇದೇ ಅಂದೆ.

"ಇದು ಕಸಿಗೆ ಬೇರು ಕೊಟ್ಟ ಕಾಡು ಜಾತಿ. ಗಂಟಿನ ಮೇಲಿದ್ದದ್ದು ನಿಂಬೆ. ಕೆಳಗೆ ಬಂದದ್ದನ್ನ ಅವತ್ತೇ ಚಿವುಟಬೇಕಿತ್ತು. ಕಳ್ಳನಿಗೆ ಉಣ್ಣಕ್ಕಿಟ್ಟು ಮನೆಯವರನ್ನ ಆಚೆ ಹಾಕಿದ್ದೀರಿ."

ಮಗಳು ಅಮ್ಮನ ಕೈ ಹಿಡಿದು ಕೂತಿದ್ದಳು. ಮೆಲ್ಲಗೆ ಅಂದಳು, "ಅಮ್ಮ ಇದನ್ನೇ ಹೇಳ್ತಿದ್ದಳು ಅಪ್ಪ."

ಜಾಯಿಂಟ್ ನೋಡಿಯೇ ಅನ್ನ ತಿಂದವನು ನಾನು. ಇದರ ಯಾವ ಕಡೆ ಯಾವುದು ಅಂತ ನೋಡಲಿಲ್ಲ. ಕಾಡು ಚಿಗುರನ್ನು ಬುಡಕ್ಕೆ ಕತ್ತರಿಸಿದೆ. ಈಗ ಕುಂಡದಲ್ಲಿ ಬರೀ ಮೋಟು. ನಿಂಬೆ ಬಂದರೆ ಅದರಿಂದಲೇ ಬರಬೇಕು ಅಂದರು ನರ್ಸರಿಯವರು, ಭರವಸೆ ಕೊಡಲಿಲ್ಲ.

ಮೇ ೧, ಬೆಳಿಗ್ಗೆ ಏಳು

ಮೋಟಿನ ಮೇಲೆ ಒಂದು ಚುಕ್ಕಿ. ಸಾಸಿವೆಯಷ್ಟು. ಗಂಟಿನಿಂದ ಮೇಲೆಯೇ — ಮೂರು ಸಲ ನೋಡಿದೆ. ಚಿಪ್ಪು ಹುಳವೋ, ಚಿಗುರೋ. ಭೂತಗನ್ನಡಿ ಹಿಡಿದರೂ ತಿಳಿಯದು. ಉಗುರು ಹಾಕಿದರೆ ಗೊತ್ತಾಗುತ್ತದೆ. ಚಿಗುರಾಗಿದ್ದರೆ ಅಲ್ಲಿಗೆ ಮುಗಿಯಿತು.

ಏಳೂವರೆ

ಕುಂಡ ಎತ್ತಿ ಮಂಚದ ಮೇಲೇ ಇಟ್ಟೆ. ಹಾಸಿಗೆಯೆಲ್ಲ ಮಣ್ಣು. ಇರಲಿ. ನನಗೆ ತಿಳಿಯಲ್ಲ, ನೀನೇ ಹೇಳು ಅಂದೆ. ಮದುವೆಯಾದಾಗಿನಿಂದ ಈ ಮಾತು ಅಂದದ್ದು ಇದೇ ಮೊದಲು. ಹುಳವಾದರೆ ಮಂಚ ಬಡಿ ಅಂದೆ.

ನೋಡುತ್ತಲೇ ಇದ್ದಾಳೆ. ನಾನು ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ, ಸುಮ್ಮನೆ ಅವಳ ಮುಖ ನೋಡುತ್ತಾ ಕೂರಲು ಆಗುತ್ತಿಲ್ಲ.

ಕೈ ಎತ್ತಿದಳು. ಬಡಿಯುತ್ತಾಳೆ... ಇಲ್ಲ. ಕುಂಡದ ಕಡೆ ಬರುತ್ತಿದೆ. ನಡುಗುತ್ತಿದೆ, ಆಸರೆ ಕೊಡಬೇಕು, ಪೆನ್ನು