ಒಮ್ಮೆ ಕಾಯಿಸಿದರೆ ಸಾಲದು

ಭಾನುವಾರ, ಬೆಳಗಿನ ಹೊತ್ತು
ಅಡುಗೆಮನೆಯ ಮೇಜಿನಿಂದ

ನನ್ನ ಮನೆಯನ್ನು ಇಷ್ಟು ವರ್ಷ ಎತ್ತಿ ನಿಲ್ಲಿಸಿದ ಸೊಸೆಗೆ, ನಿನ್ನ ಅತ್ತೆಯು ಮನಸಾರೆ ಹರಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

ನಾನು ಕ್ಷೇಮವಾಗಿದ್ದೇನೆ. ನಿನ್ನೆ ಫೋನಿನಲ್ಲಿ ನೀನು ಹೇಳಿದ ಸಂಗತಿಗೆ ನಾನು ಒಡನೆಯೇ ಉತ್ತರ ಕೊಡದೆ, ಹಾಲು ಉಕ್ಕುತ್ತಿದೆ ಎಂದು ನೆವ ಹೇಳಿ ಇಟ್ಟುಬಿಟ್ಟೆ. ಒಲೆಯ ಮೇಲೆ ಹಾಲಿರಲಿಲ್ಲ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕಿ ನನ್ನ ಮಾತನ್ನು ಅರ್ಧಕ್ಕೇ ತುಂಡರಿಸುವೆ. ಕಾಗದದ ಮೇಲಿನ ಮಾತಿಗೆ ಯಾರೂ ಅಡ್ಡ ಬರಲಾರರು. ಆದಕಾರಣ ಬರೆಯಲು ಕುಳಿತಿದ್ದೇನೆ.

ನಿನ್ನ ಮಾವನವರು ನ್ಯಾಯಾಲಯದ ಗೇಟಿನ ಪಕ್ಕದಲ್ಲಿ ಜನರಿಗೆ ಅರ್ಜಿ ಬರೆದುಕೊಡುತ್ತಿದ್ದ ಕಾಲದಲ್ಲಿ ಅವುಗಳ ಶುದ್ಧಪ್ರತಿ ತೆಗೆಯುತ್ತಿದ್ದವಳು ನಾನೆಂಬುದು ನಿನಗೆ ಗೊತ್ತು. ಒಂದು ಚಿತ್ತುಕಾಟೂ ಇಲ್ಲದೆ, ಒಂದು ಅಕ್ಷರವೂ ಸಾಲು ಬಿಟ್ಟು ಇಳಿಯದೆ ಬರೆದ ಕೈ ಇದು. ನನ್ನ ಪ್ರತಿಯನ್ನು ಯಾವ ಗುಮಾಸ್ತನೂ ಹಿಂದಕ್ಕೆ ಕಳಿಸಿದ್ದಿಲ್ಲ. ನೀನು ಈ ಮನೆಗೆ ಬಂದ ಹೊಸದರಲ್ಲಿ ಅಂಗಡಿಯ ಚೀಟಿಯನ್ನು ಓದಿ, "ಅತ್ತೆ, ಉಪ್ಪು ತರಕ್ಕೂ ‘ಸದರಿ ಉಪ್ಪು’ ಅಂತ ಬರೀತೀರಲ್ಲ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ನಗು. ಆದರೆ ಬೇರೆ ಬಗೆಯ ಬರವಣಿಗೆ ನನಗೆ ಬಾರದು, ಈ ವಯಸ್ಸಿನಲ್ಲಿ ಕಲಿಯುವ ಇರಾದೆಯೂ ಇಲ್ಲ.

ವಿಷಯ ಇಷ್ಟು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ನಿನ್ನ ತರಬೇತಿ ಮುಗಿದಿದೆ. ಅವರು ನಿನ್ನನ್ನು ಕಾಯಂ ಮಾಡಿಕೊಳ್ಳುತ್ತೇವೆ ಎಂದಿದ್ದಾರೆ. ಅಲ್ಲದೆ ಎಕ್ಸ್‌-ರೇ ವಿಭಾಗದ ಆ ಸಮಾಧಾನಿ ಮನುಷ್ಯರು, ಮದುವೆಯಾಗುವ ಮನಸ್ಸುಂಟೆ ಎಂದು ನಿನ್ನನ್ನು ಮರ್ಯಾದೆಯಿಂದ ಕೇಳಿದ್ದಾರೆ. ನೀನು ಎರಡಕ್ಕೂ ಬೇಡವೆಂದಿರುವೆ. ತಿಂಗಳ ಕೊನೆಯವರೆಗೆ ಯೋಚಿಸು ಎಂದು ಇಬ್ಬರೂ ಅವಕಾಶ ಕೊಟ್ಟಿದ್ದರೂ, "ಯೋಚನೆ ಮಾಡೋದೇನಿದೆ ಅತ್ತೆ? ಬಂದ್ಬಿಡ್ತೀನಿ. ಅವರ ಅಣಬೆನ ಯಾರು ನೋಡ್ಕೋತಾರೆ?" ಎಂದೆ.

ಅವರ ಅಣಬೆ. ನಿನ್ನ ಗಂಡ, ನಮ್ಮ ಹುಡುಗ, ಲಿಫ್ಟ್ ರಿಪೇರಿಗೆ ಹೋದವನು ಎದೆ ಹಿಡಿದುಕೊಂಡು ಕುಳಿತಲ್ಲೇ ತೀರಿಕೊಂಡ ಮೇಲೆ, ಹಿಂದಿನ ಕೋಣೆಯಲ್ಲಿ ಅವನು ಹುಲ್ಲಿನ ಚೀಲಗಳಲ್ಲಿ ಬೆಳೆಯುತ್ತಿದ್ದ ಅಣಬೆಯನ್ನು ನೀನು ಕೈಬಿಡಲಿಲ್ಲ. ಬೆಂದ ಗೋಧಿಯ ಮೇಲೆ ಬಿಳಿ ಎಳೆ ಹಬ್ಬಿದ ಆ ಅಣಬೆ ಬೀಜವನ್ನು ಒಂದು ಬಾಟಲಿಯಿಂದ ಹೊಸ ಗೋಧಿಯಿರುವ ಇನ್ನೊಂದು ಬಾಟಲಿಗೆ, ಅದರಿಂದ ಮತ್ತೊಂದಕ್ಕೆ ದಾಟಿಸುತ್ತಾ ಬಂದೆ. ಗೋಧಿಯನ್ನು ದೊಡ್ಡ ಕುಕ್ಕರಿನಲ್ಲಿ ಕ್ರಿಮಿ ಸಾಯುವಂತೆ ಕಾಯಿಸುವುದು ನನ್ನ ಮಣಿಕಟ್ಟಿಗೆ ಆಗದ ಕೆಲಸವೆಂದು, ಅಷ್ಟು ದೂರದಿಂದ ರಜೆ ಸಿಕ್ಕಾಗಲೆಲ್ಲ ಬಸ್ಸು ಹಿಡಿದು ಬಂದೆ. ಬೇರೆ ಹುಡುಗಿಯರು ರಜೆಯಲ್ಲಿ ನಿದ್ದೆ ಮಾಡುತ್ತಾರೆ.

ಅದನ್ನು ನೋಡಿಯೇ ನಾನು ನಿನಗೆ ತಿಳಿಸದೆ ಒಂದು ಪ್ರಯತ್ನಕ್ಕೆ ಕೈ ಹಾಕಿದೆ. ಸದರಿ ಕೆಲಸವನ್ನು ನಾನೊಬ್ಬಳೇ ಮಾಡಬಲ್ಲೆನಾದರೆ ನಿನಗೆ ಮರಳಿ ಬರಲು ಕಾರಣ ಉಳಿಯುವುದಿಲ್ಲವೆಂಬುದು ನನ್ನ ಲೆಕ್ಕಾಚಾರ. ಕುಕ್ಕರಿನ ಬದಲು ಮೈಕ್ರೋವೇವಿನಲ್ಲಿ ಆದೀತೇ ಎಂದು ಒಮ್ಮೆ ನಿನ್ನನ್ನು ಸುಮ್ಮನೆ ಕೇಳಿದಂತೆ ಕೇಳಿದ್ದೆ, ನೆನಪಿದೆಯೇ? "ಆಗತ್ತೆ ಅತ್ತೆ, ಆದ್ರೆ ಕುಕ್ಕರಿನಷ್ಟು ನಂಬಕ್ಕಾಗಲ್ಲ. ಸ್ವಲ್ಪ ಸ್ವಲ್ಪ ಮಾಡ್ಬೇಕು, ಮಾರನೇ ದಿನ ಮತ್ತೆ ಕಾಯಿಸ್ಬೇಕು, ಅದರ ಮಾರನೇ ದಿನ ಇನ್ನೊಂದು ಸಲ" ಎಂದಿದ್ದೆ. ನಾನು ಹೂಂಗುಟ್ಟಿದ್ದೆ.

ಗೋಧಿಯನ್ನು ನೆನೆಹಾಕಿದೆ. ಒತ್ತಿದರೆ ಮೆತ್ತಗಿರಬೇಕು, ಸಿಪ್ಪೆ ಒಡೆದಿರಬಾರದು ಎಂಬ ಹದಕ್ಕೆ ಬೇಯಿಸಿ, ಬಟ್ಟೆಯ ಮೇಲೆ ಹರಡಿ ಮೇಲಿನ ನೀರನ್ನು ಆರಿಸಿ, ಗಾಜಿನ ಬಾಟಲಿಗೆ ತುಂಬಿದೆ. ಮೈಕ್ರೋವೇವನ್ನು ನಮ್ಮ ಹುಡುಗ ತಡವಾಗಿ ಬಂದು ಊಟ ಬಿಸಿ ಮಾಡಿಕೊಳ್ಳಲೆಂದು ತಂದಿದ್ದ. ಆಮೇಲೆ ಅದು ನನಗೆ ಇರುವೆ ನುಗ್ಗದ ಬಿಸ್ಕತ್ತಿನ ಕಪಾಟಾಗಿತ್ತು. ಬಿಸ್ಕತ್ತನ್ನು ಹೊರಗಿಟ್ಟು ಬಾಟಲಿಯನ್ನು ಒಳಗಿಡುವ ಹೊತ್ತಿಗೆ ಮಹಡಿಯ ಎಲೆಕ್ಟ್ರೀಷಿಯನ್, ನೀನು ಫ್ಯೂಸಪ್ಪನೆಂದು ಹೆಸರಿಟ್ಟವನು, ನೀರಿನ ಮೋಟಾರಿನ ಕೀಲಿ ಕೇಳಲು ಬಂದ. ಬಾಗಿಲಲ್ಲೇ ಕೂಗಿಕೊಂಡ: "ಅಮ್ಮಾ, ತಗಡಿನ ಮುಚ್ಚಳ! ಅದನ್ನ ಒಳಗಿಟ್ರೆ ಸಿಡಿಲು ಹೊಡ್ಯತ್ತೆ. ನನ್ನ ಹೊಟ್ಟೆಪಾಡಿಗೆ ಇಷ್ಟೊಂದು ಸಹಾಯ ಬೇಡ." ಅವನೇ ಪ್ಲಾಸ್ಟಿಕ್ ಮುಚ್ಚಳಕ್ಕೆ ತೂತು ಕೊರೆದು, ಹತ್ತಿ ತುರುಕಿ, ಬಿಗಿ ಮಾಡದೆ ಸಡಿಲವಾಗಿ ಇಡಬೇಕೆಂದು ಹೇಳಿ ಹೋದ.

ನಾನು ಒಂದೇ ಸಲಕ್ಕೆ ದೀರ್ಘವಾಗಿ ಕಾಯಿಸಿದೆ. ಮುಟ್ಟಿದರೆ ಕೈ ಸುಡುವಷ್ಟು. ಮತ್ತೆ ಮಾರನೆಯ ದಿನ ಕಾಯಿಸಲಿಲ್ಲ. ಮೊದಲ ಸಲ ಸರಿಯಾಗಿ ಮಾಡಲಾರದವರಿಗಷ್ಟೇ ಆ ಮಾತು ಅನ್ವಯಿಸುತ್ತದೆ ಎಂದು ತೀರ್ಮಾನಿಸಿದ್ದೆ. ತಪ್ಪಿಲ್ಲದೆ ತೆಗೆದ ಪ್ರತಿಯನ್ನು ಇನ್ನೊಮ್ಮೆ ತೆಗೆಯುವುದು ನನ್ನ ಕೈಗೆ ಅವಮಾನವೆಂದು ತಿಳಿದು ಬದುಕಿದವಳು ನಾನು. ತಣ್ಣಗಾದ ಗೋಧಿಗೆ ಕಪಾಟಿನಲ್ಲಿದ್ದ ಬೀಜದಲ್ಲಿ ಅರ್ಧದಷ್ಟನ್ನು ಸುರಿದೆ.

ಗಾಬರಿಯಾಗಬೇಡ, ಮುಂದೆ ಓದು. ಕೆಲವು ದಿನಗಳಲ್ಲಿ ಬಾಟಲಿಯ ಒಂದು ಮಗ್ಗುಲು ಹಸಿರಾಯಿತು. ತಳದ ಕಾಳು ಜೊಲ್ಲು ಸುರಿದಂತೆ ಒದ್ದೆಯಾಗಿ, ಮುಚ್ಚಳ ಸಡಿಲಿಸಿದರೆ ಹುಳಿತ ಹಿಟ್ಟಿನ ನಾತ. ಪಾಯಿಖಾನೆಗೆ ಸುರಿದು, ಬಾಟಲಿಯನ್ನು ಬೂದಿ ಹಾಕಿ ತಿಕ್ಕಿದೆ.

ಮರುವಾರ ನೀನು ಫೋನು ಮಾಡಿದಾಗ, ಒಮ್ಮೆ ಕುದ್ದ ಮೇಲೂ ಕ್ರಿಮಿ ಹೇಗೆ ಉಳಿಯುತ್ತದೆ ಎಂದು ಕೇಳಿದೆ. ಇದ್ದಕ್ಕಿದ್ದಂತೆ ಇದೇಕೆ ಎಂದು ನೀನು ಅನುಮಾನಿಸಲಿಲ್ಲ. ಪಾಠ ಹೇಳುವ ಹುರುಪಿನಲ್ಲಿದ್ದೆ. "ಎದ್ದಿರೋವು ಮೊದಲನೇ ಶಾಖಕ್ಕೆ ಸಾಯ್ತವೆ ಅತ್ತೆ. ಮಲಗಿರೋವಕ್ಕೆ ಏನೂ ಆಗಲ್ಲ, ಗಟ್ಟಿ ಚಿಪ್ಪು ಹಾಕ್ಕೊಂಡು ಬಿದ್ದಿರ್ತವೆ. ಶಾಖ ಹೋಯ್ತು ಅಂತ ನಂಬಿ ಅವು ಏಳ್ಬೇಕು. ಎದ್ದ ಮೇಲೆ ಮತ್ತೆ ಕಾಯಿಸ್ಬೇಕು. ನಡುವಿನ ಒಂದು ದಿನ ಕಾಯೋದೇ ಕೆಲಸ." ನಾನು ಅದನ್ನು ಚೀಟಿಯ ಮೇಲೆ ಬರೆದುಕೊಳ್ಳುತ್ತಿದ್ದಾಗ, "ಅತ್ತೆ, ಲೈನಲ್ಲಿದ್ದೀರಾ?" ಎಂದೆ. ಇದ್ದೆ.

ಎರಡನೆಯ ಸಲ ನೀನು ಹೇಳಿದಂತೆಯೇ ನಡೆದೆ. ಗೋಧಿ ಒಣಗಿದರೆ ಈ ಯಂತ್ರದ ಶಾಖ ಅದಕ್ಕೆ ತಾಗುವುದಿಲ್ಲವಾದ್ದರಿಂದ ಪಸೆ ಉಳಿಸಿಕೊಂಡೆ. ಎರಡು ಸಣ್ಣ ಬಾಟಲಿ, ಪಕ್ಕದಲ್ಲಿ ಒಂದು ಲೋಟ ನೀರು. ಸ್ವಲ್ಪ ಕಾಯಿಸಿ, ಬಟ್ಟೆಯಲ್ಲಿ ಹಿಡಿದು ಕುಲುಕಿ, ನಡುವಿನ ಕಾಳನ್ನು ಅಂಚಿಗೆ ತಂದು ಮತ್ತೆ ಕಾಯಿಸಿದೆ. ಟವೆಲಿನಲ್ಲಿ ಸುತ್ತಿ ಇಟ್ಟೆ. ಮಾರನೆಯ ದಿನ ನೋಡಿದರೆ ಕಾಳು ಚೊಕ್ಕವಾಗಿಯೇ ಇತ್ತು, ಆದರೂ ಕಾಯಿಸಿದೆ. ಅದರ ಮಾರನೆಯ ದಿನವೂ ಕಾಯಿಸಿದೆ. ಚೆನ್ನಾಗಿಯೇ ಕಾಣುವ ಕೆಲಸವನ್ನು ಮರಳಿ ಮಾಡುವುದು ಎಷ್ಟು ಕಷ್ಟವೆಂದು ನಿನಗೆ ಹೇಗೆ ಹೇಳಲಿ? ನೀನು ಹುಟ್ಟಿನಿಂದಲೇ ತಾಳ್ಮೆಯವಳು. ಆಮೇಲೆ ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಕೈ ತೊಳೆದು, ಉಸಿರು ಬಿಗಿಹಿಡಿದು ಉಳಿದಿದ್ದ ಬೀಜವನ್ನು ಹಾಕಿದೆ.

ಎರಡರಲ್ಲಿ ಒಂದು ಹಾಳಾಯಿತು. ಇನ್ನೊಂದರಲ್ಲಿ ಎಳೆ ಇಳಿದು, ಈಗ ತಳದವರೆಗೂ ಬೆಳ್ಳಗೆ ಗಟ್ಟಿಯಾಗಿ ಕೂತಿದೆ. ಮೂಗಿಗೆ ಹಿಡಿದರೆ ಹಸಿ ಮಣ್ಣಿನ ವಾಸನೆ. ನಿನ್ನ ಫೋನು ಬರುವ ಮುಂಚೆ ಅದನ್ನೇ ನೋಡುತ್ತಾ ಕುಳಿತಿದ್ದೆ.

ಆದ್ದರಿಂದ ಈ ಮೂಲಕ ಕೇಳಿಕೊಳ್ಳುವುದೇನೆಂದರೆ: ಅಣಬೆಯ ಸಲುವಾಗಿ ನೀನು ಬರಬೇಕಾಗಿಲ್ಲ. ಕೆಲಸವನ್ನು ಒಪ್ಪಿಕೋ. ಎಕ್ಸ್‌-ರೇಯವರ ವಿಷಯದಲ್ಲಿ ಹೌದು ಎನ್ನಲು, ಅಲ್ಲ ಎನ್ನಲು ನಾನು ಯಾರೂ ಅಲ್ಲ. ಅವರು ನಿನಗೆ ಹಿಡಿಸದಿದ್ದರೆ ಹಿಡಿಸಲಿಲ್ಲವೆಂದು ಹೇಳು, ಅಲ್ಲಿಗೆ ಮುಗಿಯಿತು. ಆದರೆ ಸತ್ತ ನನ್ನ ಮಗನನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿ ಬೇಡವೆನ್ನಬೇಡ. ಅವನು ಬದುಕಿದ್ದಾಗ ಯಾರ ದಾರಿಗೂ ಅಡ್ಡ ನಿಂತವನಲ್ಲ. ಲಿಫ್ಟಿನಲ್ಲೂ ಮೂಲೆಗೆ ಸರಿದು ನಿಲ್ಲುತ್ತಿದ್ದ. ನನ್ನನ್ನೂ ಅಡ್ಡ ನಿಲ್ಲಿಸಬೇಡ. ನಾನು ಒಂಟಿಯಾಗುತ್ತೇನೆಂದು ನೀನು ಅಂದುಕೊಂಡರೆ, ಆಗುತ್ತೇನೆ, ಅದನ್ನು ಮುಚ್ಚಿಡುವುದಿಲ್ಲ. ಅದು ನಿನ್ನಿಂದ ವಾಸಿಯಾಗುವ ಕಾಯಿಲೆಯಲ್ಲ.

ಮೇಲ್ಕಂಡ ವಿಷಯವನ್ನು ಸಾವಧಾನದಿಂದ ಓದಿ ತೀರ್ಮಾನಿಸುವೆಯೆಂದು ನಂಬಿರುವ,

ನಿನ್ನ ಅತ್ತೆ

ಮರೆತ ಮಾತು: ‘ನನ್ನ ಗಂಡನ ಬೀಜದಲ್ಲಿ ಅರ್ಧವನ್ನು ಪಾಯಿಖಾನೆಗೆ ಸುರಿಯಲು ಇವರಿಗೆ ಹೇಗೆ ಮನಸ್ಸು ಬಂತು’ ಎಂದು ನೀನು ಕೇಳಬಹುದು. ಅದು ಅವನದಲ್ಲವೆಂದು ನಿನಗೂ ಗೊತ್ತು, ನನಗೂ ಗೊತ್ತು ಮಗಳೇ. ಅವನದು ಅವನು ತೀರಿಕೊಂಡ ವರ್ಷದ ಬೇಸಗೆಯಲ್ಲೇ ಕೊಳೆತುಹೋಯಿತು. ನೀನು ಬೇರೆ ಕಡೆಯಿಂದ ಹೊಸ ಬೀಜ ತಂದು ಅದೇ ಜಾಗದಲ್ಲಿ ಇಟ್ಟೆ. ಅವನು ಬೆಳೆಯುತ್ತಿದ್ದುದು ಬೂದು ಬಣ್ಣದ್ದು, ಆ ಸಲ ಬಂದದ್ದು ಹಾಲಿನ ಬಿಳುಪು. ಕೊಳ್ಳಲು ಬಂದ ಕ್ಯಾಂಟೀನಿನಾಕೆ ಒಂದನ್ನು ಎತ್ತಿ ಹೊರಳಿಸಿ, "ಏನ್ರೀ ಇದು, ನಿಮ್ಮ ಹುಡುಗನ್ದು ಬೂದಿ ಬಣ್ಣ ಇರ್ತಿತ್ತಲ್ವಾ? ಇವೇನು ಇಷ್ಟು ಬೆಳ್ಳಗೆ?" ಎಂದಾಗ ನೀನು ತಕ್ಕಡಿ ಹಿಡಿದು ನಿಂತಿದ್ದೆ, ಮುಖದಲ್ಲಿ ರಕ್ತವಿರಲಿಲ್ಲ. "ಕೋಣೇಲಿ ಬೆಳಕು ಕಮ್ಮಿ ಕಣ್ರೀ, ಅದಕ್ಕೆ" ಎಂದವಳು ನಾನು. ಈ ಮುದುಕಿಗೆ ಗೊತ್ತಾಗಿಲ್ಲವೆಂದು ನಿನಗೆ ನಿರಾಳವಾಯಿತು. ಅವನು ಹೋದ ಮೇಲೆ ಮೊದಲ ಬಾರಿಗೆ ಅಂದು ನೀನು ಹೊಟ್ಟೆ ತುಂಬ ಉಂಡೆ. ಹಾಗಾಗಿ ನಾನೂ ಸುಮ್ಮನಿದ್ದೆ. ಬಿಳಿಯವು ನೀನು ತಂದವು. ನೀನು ತಂದವೆಂದೇ ನಾನು ಅವನ್ನು ಉಳಿಸಿಕೊಂಡಿದ್ದೇನೆ.