ಕಮರಿಯ ಬಾಯಲ್ಲಿ ಕೂಗುವ ಹಕ್ಕು

ಮೋಡಗಳೇ, ಶಿಖರಗಳೇ, ಇವೆರಡನ್ನೂ ನಕ್ಷೆಯಲ್ಲಷ್ಟೇ ಕಂಡಿರುವ ಮಾನ್ಯ ವಿಮಾನ ಸುರಕ್ಷಾಧಿಕಾರಿಗಳೇ,

ಕಾರಾ-ತಾಷ್ ಕಮರಿಗೆ ನುಗ್ಗುವ ಮುನ್ನ ನಾವು ಪೈಲಟ್‌ಗಳು ರೇಡಿಯೊದಲ್ಲಿ ಕೂಗುತ್ತಿದ್ದುದನ್ನು ತಾವು ‘ಅನಗತ್ಯ ಹರಟೆ’ ಎಂದು ನಿಷೇಧಿಸಿದ್ದೀರಿ. ಕೂಗಿದವರ ಪರವಾನಗಿ ರದ್ದು. ಆ ನಿಷೇಧವನ್ನು ಹಿಂತೆಗೆಯಿರಿ ಎಂದು ಕೇಳಲು ಈ ಪತ್ರ.

ನಮ್ಮ ಕಿರ್ಗಿಜ್ ಸೀಮೆಯಲ್ಲಿ ಯಾರೂ ಇನ್ನೊಬ್ಬರ ಗುಡಾರದ ಬಾಗಿಲು ಬಡಿಯುವುದಿಲ್ಲ. ಹೊರಗೆ ನಿಂತು ಕೂಗುತ್ತೇವೆ. ಎರಡು ವಿಮಾನ ಅಕ್ಕಪಕ್ಕ ಹಿಡಿಯದ ಆ ಕಮರಿಗೂ ಅದೇ ಮರ್ಯಾದೆ ಸಲ್ಲುತ್ತಿತ್ತು. “ಒಳಗ್ಯಾರಿದೀರಪ್ಪಾ?” ಎಂದು ನಾನು ಕೇಳಿದರೆ, “ನಾನೇ ಕಣೋ, ಕನಿಮೆತ್. ಹಿಟ್ಟಿನ ಮೂಟೆ ಹೊತ್ಕೊಂಡು ಬರ್ತಿದೀನಿ. ಹೊರಗೇ ಒಂದು ಸುತ್ತು ಹೊಡಿ, ನಿನ್ನ ಡಬ್ಬಿಗೇನು ಅವಸರ” ಎಂದು ಆ ಹಿರಿಯ ಪೈಲಟ್ ಗದರುತ್ತಿದ್ದ. ನಾನು ಸುತ್ತು ಹೊಡೆಯುತ್ತಿದ್ದೆ. ಹರಟೆ ಇಷ್ಟೇ.

ಆಮೇಲೆ ತಾವು ಡಿಕ್ಕಿ ತಪ್ಪಿಸುವ ಪೆಟ್ಟಿಗೆ ದಯಪಾಲಿಸಿದಿರಿ. ಬಹಳ ಉಪಕಾರ. ಎದುರಿಗೆ ವಿಮಾನ ಬಂದರೆ ಹೇಳುತ್ತದೆ, ಬೆಟ್ಟ ಬಂದರೂ ಹೇಳುತ್ತದೆ. ಆದರೆ ಅದಕ್ಕಿರುವುದು ಒಂದೇ ಬಾಯಿ; ಬೆಟ್ಟದ ಮಾತು ಮುಗಿಯುವ ತನಕ ವಿಮಾನದ ಮಾತು ಎತ್ತಬಾರದೆಂಬುದು ಅದರ ಕಟ್ಟಳೆ. ಬಯಲಲ್ಲಿ ಹಾರುವವರಿಗೆ ಇದು ಸರಿಯೇ. ಕಾರಾ-ತಾಷ್‌ನಲ್ಲಿ ಬೆಟ್ಟದ ಮಾತು ಯಾವಾಗ ಮುಗಿಯುತ್ತದೆ, ಮಾನ್ಯರೇ? ತಾವೇ ಗೆರೆ ಎಳೆದುಕೊಟ್ಟ ದಾರಿಯಲ್ಲಿ ಎಡಕ್ಕೂ ಬೆಟ್ಟ, ಬಲಕ್ಕೂ ಬೆಟ್ಟ. ಹೊಕ್ಕಲ್ಲಿಂದ ಹೊರಬೀಳುವವರೆಗೆ ಪೆಟ್ಟಿಗೆ ‘ಬೆಟ್ಟ, ಬೆಟ್ಟ’ ಎನ್ನುತ್ತಲೇ ಇರುತ್ತದೆ. ತಮ್ಮ ಆಜ್ಞೆ ಬಂತು, ನಮ್ಮ ಪ್ರಜ್ಞೆ ಹೋಯಿತು.

ಹೋದ ತಿಂಗಳು ರೋಗಿಗಳನ್ನು ಕೂರಿಸಿಕೊಂಡು ಒಳಹೊಕ್ಕೆವು. ನಡುದಾರಿಯಲ್ಲಿ ಹಿಮದ ಮೋಡ ಇಳಿಯಿತು, ಹಿಂತಿರುಗಲು ಜಾಗವಿಲ್ಲ. ಪೆಟ್ಟಿಗೆ ಬೆಟ್ಟದ ಜಪ ಮಾಡುತ್ತಿತ್ತು. ಮೋಡ ಒಂದಿಷ್ಟು ಹರಿದಾಗ ನಮ್ಮ ಚಕ್ರದ ಅಡಿಯಲ್ಲೇ ಇನ್ನೊಂದು ವಿಮಾನದ ಬೆನ್ನು ಕಂಡಿತು, ಅದರ ಬಣ್ಣ ಕಿತ್ತುಹೋದ ಜಾಗದ ಸಮೇತ. ಕನಿಮೆತ್‌ನದು.

“ಅಣ್ಣಾ, ಅದು ವಿಮಾನ ಅಲ್ವಾ?” ಎಂದ ಪಕ್ಕದಲ್ಲಿದ್ದ ಸಹಪೈಲಟ್ ಸಿರ್ಗಾಕ್.

“ಹೌದು.”

“ಪೆಟ್ಟಿಗೆ ಹೇಳ್ಲೇ ಇಲ್ಲ.”

“ಅದಕ್ಕೆ ಪುರುಸೊತ್ತೆಲ್ಲಿ.”

ಮರುದಿನ ಸಿಕ್ಕಾಗ ಕನಿಮೆತ್, “ಚಕ್ರ ಒರೆಸ್ಕೋ ಹೋಗು. ನನಗಿರೋ ನಾಲ್ಕು ಕೂದ್ಲೂ ಅದಕ್ಕೇ ಅಂಟಿರ್ಬೇಕು” ಎಂದ. ಯಾರೂ ನಗಲಿಲ್ಲ. 

ತಮಗೆ ವರದಿ ಕೊಟ್ಟೆವು. ‘ಉಪಕರಣವು ನಿಯಮಾನುಸಾರ ಕಾರ್ಯನಿರ್ವಹಿಸಿದೆ, ಪೈಲಟ್‌ಗಳು ಹೆಚ್ಚಿನ ಜಾಗ್ರತೆ ವಹಿಸತಕ್ಕದ್ದು’ ಎಂಬ ಉತ್ತರ ಬಂತು. ಮೋಡದೊಳಗೆ ಜಾಗ್ರತೆಯನ್ನು ಯಾವ ಕಣ್ಣಿನಿಂದ ವಹಿಸುವುದು?

ಪೆಟ್ಟಿಗೆ ಇರಲಿ, ಬೇಡವೆನ್ನುವುದಿಲ್ಲ. ಆದರೆ ಕೂಗದೆ ಯಾರೂ ಕಮರಿ ಹೊಗಬಾರದೆಂದು ನಿಯಮವನ್ನೇ ಬರೆಯಿರಿ. ಅದೂ ಮುಂದಿನ ಹಿಮದ ಮೋಡ ಇಳಿಯುವ ಮುನ್ನ.

ಇಷ್ಟು ಹೊತ್ತು ಪೆಟ್ಟಿಗೆಯ ಬಾಯಿಯ ಬಗ್ಗೆ ವಾದಿಸಿದೆ. ನಿಜ ಹೇಳಿಬಿಡುತ್ತೇನೆ. ಮೊನ್ನೆ ಬಂಡೆ ನಿಜಕ್ಕೂ ಮೂಗಿನ ನೇರಕ್ಕೆ ಬಂದಿತ್ತು. ಪೆಟ್ಟಿಗೆ ಎಂದಿನಂತೆ ‘ಬೆಟ್ಟ, ಬೆಟ್ಟ’ ಎಂದು ಕೂಗಿತ್ತಂತೆ. ಸಿರ್ಗಾಕ್ ನನ್ನ ಕೈ ಸರಿಸಿ ವಿಮಾನ ಎತ್ತಿದ. ನನಗೆ ಕೇಳಿಸಿರಲಿಲ್ಲ. ಕಿವಿ ಚೆನ್ನಾಗಿದೆ ಎನ್ನುತ್ತಾರೆ ವೈದ್ಯರು. ಬಂಡೆ ದಾಟಿದ ಮೇಲೂ ನನಗೆ ಏನೂ ಅನ್ನಿಸಲಿಲ್ಲ.

ಇಂತಿ,
ಹಾರಲು ಅರ್ಹನೆಂದು ತಾವೇ ಪ್ರಮಾಣೀಕರಿಸಿರುವ
ಕಾರಾ-ತಾಷ್ ದಾರಿಯ ಪೈಲಟ್